ಮೊಳೆಗೆ ನೇತುಹಾಕಿದ ಸಹಿ

ಒಂದು ಚೀಲ ಬಿಳಿ ಪುಡಿಗೆ ಮುನ್ನೂರ ಎಂಬತ್ತು. ಒಂದು ಪಂದ್ಯಕ್ಕೆ ಎರಡು ಚೀಲ ಬೇಕು. ದಾರದ ಉಂಡೆಗೆ ಅರವತ್ತು, ಅದು ಒಂದು ತಿಂಗಳು ಬಾಳುತ್ತದೆ. ಗಾಡಿಯ ಚಕ್ರಕ್ಕೆ ಬಿಡುವ ಎಣ್ಣೆ ಮನೆಯಿಂದ ತಂದದ್ದು, ಲೆಕ್ಕಕ್ಕಿಲ್ಲ. ಆ ಗಾಡಿ ತಳ್ಳಿ ಫುಟ್‌ಬಾಲ್ ಮೈದಾನಕ್ಕೆ ಗೆರೆ ಎಳೆಯುವ ಮನುಷ್ಯನಿಗೆ ತಿಂಗಳಿಗೆ ಹದಿನೆಂಟು ಸಾವಿರ. ಇದೇ ಮನುಷ್ಯ ಇದೇ ಮೈದಾನದಲ್ಲಿ ಹನ್ನೊಂದನೇ ನಂಬರಿನ ಜೆರ್ಸಿ ಹಾಕಿಕೊಂಡು ಓಡುತ್ತಿದ್ದಾಗ, ಅಷ್ಟೇ ದುಡ್ಡನ್ನು ಒಂದು ತಂಪು ಕನ್ನಡಕಕ್ಕೆ ಕೊಟ್ಟು, ಮರುವಾರ ಅದನ್ನು ಬಸ್ಸಿನಲ್ಲಿ ಮರೆತು ಬಂದದ್ದುಂಟು.

ಈಗ ಬೆಳಗಿನ ಐದೂವರೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ನಲವತ್ತೊಂಬತ್ತರ ಈ ಮನುಷ್ಯ ದಾರ ಬಿಗಿದು, ಒಂದು ಕಣ್ಣು ಮುಚ್ಚಿ ನೋಡಿ, ಗಾಡಿ ತಳ್ಳುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಗಾಡಿಯೂ ಸ್ವಲ್ಪ ಎಡಕ್ಕೆ ಎಳೆಯುತ್ತದೆ. "ನಾನು ಬಲಕ್ಕೆ, ಇದು ಎಡಕ್ಕೆ. ಇಬ್ಬರೂ ಸೇರಿದ್ರೆ ಗೆರೆ ನೆಟ್ಟಗೆ" ಎಂದು ನಗುತ್ತಾರೆ. ಒಟ್ಟು ಗೆರೆ ಏಳುನೂರು ಮೀಟರ್. ದಾರ ಕಟ್ಟಲು, ಬಿಚ್ಚಲು, ಪುಡಿ ತುಂಬಲು ಓಡಾಡುವುದು ಸೇರಿದರೆ ಮೂರು ಕಿಲೋಮೀಟರ್ ನಡಿಗೆ. ಆಟಗಾರರೆಲ್ಲ ಅವರನ್ನು ಕರೆಯುವುದು ಗೆರೆಯಣ್ಣ ಎಂದೇ.

ಹನ್ನೆರಡು ವರ್ಷ ಆಡಿದರು. ಇನ್ನೂರ ಹನ್ನೊಂದು ಪಂದ್ಯ, ಅರವತ್ಮೂರು ಗೋಲು. ಮೂವತ್ತೆರಡಕ್ಕೆ ಮಂಡಿ ಕೈಕೊಟ್ಟಿತು. ಅಷ್ಟು ಗಳಿಸಿದವರು ಬರಿಗೈಯಾದದ್ದು ಹೇಗೆ ಎಂದು ಕೇಳಿದರೆ ಬೇಸರಿಸಿಕೊಳ್ಳದೆ ಹೇಳುತ್ತಾರೆ: "ಬೂಟು ಕ್ಲಬ್ಬಿನದು, ಊಟ ಕ್ಲಬ್ಬಿನದು, ಬಟ್ಟೆ ಒಗೆಯೋದೂ ಅವರೇ. ಸೋಪಿಗೆ ಎಷ್ಟು ಅಂತ ನನಗೆ ಗೊತ್ತಾಗಿದ್ದು ಮೂವತ್ಮೂರನೇ ವಯಸ್ಸಲ್ಲಿ. ಬೇರೆಯವರು ಅರವತ್ತರ ತನಕ ದುಡೀತಾರೆ. ನಮ್ಮದು ಹತ್ತೇ ವರ್ಷದ ಸುಗ್ಗಿ. ಅದರಲ್ಲೇ ಉಳಿದ ನಲವತ್ತು ವರ್ಷ ಉಣ್ಣಬೇಕು ಅಂತ ಆವಾಗ ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡಿ. ಪ್ರತಿ ಶನಿವಾರ ಮೂವತ್ತು ಸಾವಿರ ಜನ ನನ್ನ ಹೆಸರು ಕೂಗ್ತಿದ್ರು!"

ಸಂಬಳ ನಿಂತ ಮೇಲೂ ಖರ್ಚು ನಿಲ್ಲಲಿಲ್ಲ. ಕಾರು ಮಾರಿದರೆ ಜನ ಏನಂದುಕೊಂಡಾರು ಎಂದು ಎರಡೂ ಕಾರು ಇಟ್ಟುಕೊಂಡರು. ಸೋದರಮಾವನ ಮಗಳ ಮದುವೆಗೆ ಇಲ್ಲವೆನ್ನಲಾಗದೆ ಸಾಲ ಮಾಡಿ ಕೊಟ್ಟರು. ಆದರೂ ಇವೆಲ್ಲ ಚಿಲ್ಲರೆ. ಮನೆ ಹೋದದ್ದು ಒಂದು ಸಹಿಯಿಂದ.

ಪಂದ್ಯ ಮುಗಿದ ಮೇಲೆ ಗೇಟಿನ ಬಳಿ ಜನ ಪುಸ್ತಕ, ಟೋಪಿ, ಟಿಕೆಟಿನ ಚೂರು ಹಿಡಿದು ಮುತ್ತುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಇನ್ನೂರು ಸಹಿ. ತಲೆ ತಗ್ಗಿಸಿದರೆ ಕಾಣುವುದು ಸಹಿ ಬೀಳಬೇಕಾದ ಖಾಲಿ ಜಾಗ ಒಂದೇ. ಒಂದು ಸಂಜೆ ಆ ಗುಂಪಿನಲ್ಲೇ ಬಾಲ್ಯದ ಗೆಳೆಯ ಒಂದು ಫೈಲು ಚಾಚಿದ. "ನನ್ನ ಹೋಟೆಲಿಗೆ ಒಂದು ಸಹಿ ಕಣೋ." ಅವರು ಹಾಕಿದರು. ಕೈಗೆ ಅಭ್ಯಾಸವಾಗಿದ್ದಂತೆ, ಸಹಿಯ ಕೆಳಗೆ "ಪ್ರೀತಿಯ ಶುಭಾಶಯಗಳೊಂದಿಗೆ, 11" ಎಂದೂ ಬರೆದರು. ಅದು ಹೋಟೆಲಿನ ಸಾಲಕ್ಕೆ ಜಾಮೀನಿನ ಕಾಗದ. ಹೋಟೆಲು ಹದಿನಾಲ್ಕು ತಿಂಗಳಲ್ಲಿ ಮುಚ್ಚಿತು, ಗೆಳೆಯ ಊರು ಬಿಟ್ಟ.

"ಕೋರ್ಟಲ್ಲಿ ವಕೀಲರು ಅದನ್ನ ಗಟ್ಟಿಯಾಗಿ ಓದಿದ್ರು. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಜಡ್ಜ್ ಸಾಹೇಬ್ರು ಕನ್ನಡಕ ತೆಗೆದು, 'ಶುಭಾಶಯ ಹೇಳಿದ್ರೂ ಸಹಿ ಸಹಿಯೇ' ಅಂದ್ರು."

ಪಕ್ಕದಲ್ಲಿ ಡಬ್ಬಿ ಬಿಚ್ಚುತ್ತಿರುವ ಹೆಂಡತಿ ಸುಮ್ಮನಿರುವವರಲ್ಲ. ಅವರು ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಹೋಗುವ ದಾರಿಯಲ್ಲಿ ಇಲ್ಲಿ ತಿಂಡಿ ಕೊಟ್ಟು ಹೋಗುತ್ತಾರೆ. "ನಮ್ಮ ಮದುವೆ ರಿಜಿಸ್ಟ್ರಿಗೂ ಹಾಗೇ ಬರೆದ್ರು, ಪ್ರೀತಿಯ ಶುಭಾಶಯ ಅಂತ. ಮದುವೆ ಆಗ್ತಿರೋದು ತಾವೇ ಅನ್ನೋದೂ ಮರೆತಿದ್ರು! ಈಗ ನಮ್ಮನೇಲಿ ಗ್ಯಾಸಿನ ರಸೀತಿಗೂ ನಂದೇ ಸಹಿ. ಅಲ್ವೇನ್ರೀ?"

"ಹೌದು ಮಾರಾಯ್ತಿ, ನನ್ನ ಪೆನ್ನು ಕಿತ್ತುಕೊಂಡು ಹದಿನೈದು ವರ್ಷ ಆಯ್ತು."

ಹದಿಮೂರು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಇಲ್ಲಿಗೆ ಬಂದಾಗ ಕಾರ್ಯದರ್ಶಿ ಗಾಬರಿಯಾಗಿ, ಪ್ರತಿ ಪಂದ್ಯಕ್ಕೂ ಗಣ್ಯರ ಸಾಲಿನಲ್ಲಿ ಕುರ್ಚಿ ಕೊಡುತ್ತೇನೆ ಎಂದರಂತೆ. "ಕುರ್ಚಿ ಬೇಡ ಸಾರ್, ಸಂಬಳ ಕೊಡಿ" ಎಂದು ಇವರು ಗಾಡಿ ಹಿಡಿದರು. ಮೊದಲ ವಾರ ಯಾರೂ ಗುರುತು ಹಿಡಿಯದಿರಲಿ ಎಂದು ಟೋಪಿಯನ್ನು ಮೂಗಿನ ತನಕ ಎಳೆದುಕೊಂಡಿದ್ದರು. ಗೆರೆ ಹಾವಿನಂತೆ ಹರಿಯಿತು. ರೆಫರಿ ಪಂದ್ಯವನ್ನು ಅರ್ಧ ಗಂಟೆ ತಡಮಾಡಿದರು. ಮರುದಿನದಿಂದ ಟೋಪಿ ಇಲ್ಲ. ಮನೆ ಹೋದ ಮೇಲೂ ಉಳಿದಿದ್ದ ಬ್ಯಾಂಕ್ ಸಾಲದ ಕೊನೆಯ ಕಂತು ತೀರಿದ್ದು ಹೋದ ವರ್ಷ.

ಇಷ್ಟೇ ಆಗಿದ್ದರೆ ಅವರ ಕತೆ ಅವರ ಮನೆಯದಾಗಿ ಉಳಿಯುತ್ತಿತ್ತು. ಆರು ವರ್ಷದ ಹಿಂದೆ ಒಬ್ಬ ಡಿಫೆಂಡರ್ ಅಭ್ಯಾಸಕ್ಕೆ ಓಡಿಬಂದವನು, "ಗೆರೆಯಣ್ಣಾ, ಸ್ವಲ್ಪ ಬಗ್ಗು" ಎಂದ. ಬಗ್ಗಿದರು. ಅವನು ಇವರ ಬೆನ್ನ ಮೇಲೆ ಕಾಗದ ಇಟ್ಟು ಪೆನ್ನು ಒತ್ತಿದ. "ಏನೋ ಅದು?" "ಗೊತ್ತಿಲ್ಲ, ಭಾವ ಕೊಟ್ಟಿದ್ದು." ಗೆರೆಯಣ್ಣ ಚೇಳು ಕುಟುಕಿದವರಂತೆ ನೆಟ್ಟಗಾಗಿ, ಕಾಗದ ಕಿತ್ತುಕೊಂಡು, ಸಾಮಾನು ಕೋಣೆಯಲ್ಲಿ ದಾರ ನೇತುಹಾಕುವ ಮೊಳೆಗೆ ಸಿಕ್ಕಿಸಿದರು. "ಏಳು ದಿನ ಇಲ್ಲಿರಲಿ. ನಿನ್ನ ಭಾವ ಒಂದ್ಸಲ ಬಂದು ನನ್ನ ಹತ್ರ ಮಾತಾಡ್ಲಿ."

ಆ ಭಾವ ಬಂದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಔಷಧಿ ಅಂಗಡಿಯ ಸಾಲ, ಅರ್ಧ ದುಡ್ಡು ಅವರದೇ. ಡಿಫೆಂಡರ್ ಓದಿ ಸಹಿ ಹಾಕಿದ. ಅಂಗಡಿ ಇವತ್ತಿಗೂ ಚೆನ್ನಾಗಿದೆ. ಗೆರೆಯಣ್ಣನ ಮಂಡಿಯ ಮುಲಾಮು ಅಲ್ಲಿ ರಿಯಾಯಿತಿಯಲ್ಲಿ ಸಿಗುತ್ತದೆ.

ಅಂದಿನಿಂದ ಅದೇ ಪದ್ಧತಿ. ಕಾಗದ ತಂದವರು ಪುಡಿಯ ಚೀಲದ ಮೇಲೆ ಕೂತು ಮೂರು ಪ್ರಶ್ನೆಗೆ ಉತ್ತರಿಸಬೇಕು. ದುಡ್ಡು ಯಾರದು? ಮುಳುಗಿದರೆ ಕಟ್ಟುವವರು ಯಾರು? ನೀವು ಹಾಕಿದ್ದೆಷ್ಟು? ಎದ್ದು ಹೋಗುವಾಗ ಎಲ್ಲರ ಪ್ಯಾಂಟಿನ ಹಿಂಭಾಗವೂ ಬೆಳ್ಳಗೆ. ಈವರೆಗೆ ಇಪ್ಪತ್ಮೂರು ಕಾಗದ ಮೊಳೆ ಏರಿವೆ. ಹದಿನಾಲ್ಕನ್ನು ಕೇಳಿಕೊಂಡು ಯಾರೂ ಬರಲೇ ಇಲ್ಲ. ಐದನ್ನು ತಿದ್ದಿ ಬರೆಸಿದ್ದಾಯಿತು, ನಾಲ್ಕಕ್ಕೆ ಇದ್ದ ಹಾಗೇ ಸಹಿ ಬಿತ್ತು.

ಇವತ್ತು ಮೊಳೆಯ ಮೇಲಿರುವುದು ಇಪ್ಪತ್ನಾಲ್ಕನೆಯದು. ತಂಡದ ಗೋಲ್‌ಕೀಪರನದು. ಅವನಿಗೆ ಮೂವತ್ನಾಲ್ಕು, ಇನ್ನಾರು ತಿಂಗಳಿಗೆ ಆಟ ಮುಗಿಯುತ್ತದೆ. ಉಳಿಸಿರುವುದು ಒಂದು ಮನೆ ಮಾತ್ರ. ಚಿಕ್ಕಪ್ಪನ ಮಗ ಜಿಮ್ ತೆರೆಯಲು ಸಾಲ ಎತ್ತುತ್ತಿದ್ದಾನೆ, ಜಾಮೀನಿಗೆ ಆ ಮನೆ ಬೇಕಂತೆ. ಇವತ್ತು ಏಳನೇ ದಿನ.

ಎಂಟು ಗಂಟೆಗೆ ಇಬ್ಬರೂ ಸಾಮಾನು ಕೋಣೆಗೆ ಬರುತ್ತಾರೆ. ತಮ್ಮನದು ಕಪ್ಪು ಪ್ಯಾಂಟು, ಗರಿಗರಿ ಇಸ್ತ್ರಿ. ಚೀಲ ನೋಡಿ ಹಿಂಜರಿಯುತ್ತಾನೆ.

"ಕೂತ್ಕೊಳಪ್ಪ, ಅದು ಕಚ್ಚಲ್ಲ."

ಕೂರುತ್ತಾನೆ. ಮೊದಲೆರಡು ಪ್ರಶ್ನೆ ಸರಾಗವಾಗಿ ಸಾಗುತ್ತವೆ: ದುಡ್ಡು ಬ್ಯಾಂಕಿನದು, ಮುಳುಗಿದರೆ ಕಟ್ಟುವುದು ಅಣ್ಣ. ಆದರೆ ಮುಳುಗುವುದೇ ಇಲ್ಲವಂತೆ.

"ನೀನು ಹಾಕಿದ್ದೆಷ್ಟು?"

"ನನ್ನ ಶ್ರಮ ಇದೆಯಲ್ಲ."

"ಶ್ರಮ ಒಳ್ಳೇದೇ. ಆದ್ರೆ ಬ್ಯಾಂಕಿನವರು ಬಂದಾಗ ಶ್ರಮ ಹೊತ್ಕೊಂಡು ಹೋಗಲ್ಲ ತಮ್ಮಾ, ಇವನ ಮನೆ ಹೊತ್ಕೊಂಡು ಹೋಗ್ತಾರೆ."

ತಮ್ಮನ ಮುಖ ಕೆಂಪಾಗುತ್ತದೆ. "ನೀವು ಕೈ ಸುಟ್ಕೊಂಡ್ರಿ ಅಂತ ಎಲ್ಲರ ಮನೆ ಒಲೇನೂ ಆರಿಸ್ತೀರಾ?"

ಗೆರೆಯಣ್ಣ ದಾರ ಸುತ್ತುವುದನ್ನು ನಿಲ್ಲಿಸುತ್ತಾರೆ. "ಈ ಮಾತು ನಿಜ ಕಣಪ್ಪ," ಎನ್ನುತ್ತಾರೆ. "ನನಗೆ ಕಾಗದ ಕಂಡ್ರೆ ಭಯ. ಅದಕ್ಕೇ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಕೇಳ್ತೀನಿ, ಅಷ್ಟೇ. ಸಹಿ ಇವನದು." ಮೊಳೆಯಿಂದ ಕಾಗದ ತೆಗೆದು ಗೋಲ್‌ಕೀಪರನ ಕೈಗೆ ಕೊಡುತ್ತಾರೆ. "ನಿನ್ನೆ ಇದರ ಜೆರಾಕ್ಸ್ ಮನೆಗೆ ತಗೊಂಡು ಹೋಗಿದ್ಯಲ್ಲ, ಪೂರ್ತಿ ಓದಿದ್ಯಾ?"

"ಎರಡು ಸಲ ಓದಿದೆ ಅಣ್ಣ. ನನ್ನ ಹೆಂಡ್ತಿ ಮೂರು ಸಲ ಓದಿದ್ಲು." ಗೋಲ್‌ಕೀಪರ್ ತಮ್ಮನ ಕಡೆ ತಿರುಗುತ್ತಾನೆ. "ನೋಡೋ, ಮನೆ ಇಡಲ್ಲ. ನನ್ನ ಮೂರು ತಿಂಗಳ ಸಂಬಳ ಕೊಡ್ತೀನಿ. ಹೋದ್ರೆ ಹೋಯ್ತು, ವಾಪಸ್ ಕೇಳಲ್ಲ. ಚಿಕ್ಕದಾಗಿ ಶುರು ಮಾಡು. ಆಟ ಮುಗಿದ ಮೇಲೆ ಬೆಳಿಗ್ಗೆ ಹೊತ್ತು ನಾನೇ ಬಂದು ಹೇಳಿಕೊಡ್ತೀನಿ."

"ಮೂರು ತಿಂಗಳದ್ರಲ್ಲಿ ಜಿಮ್ ಬರುತ್ತಾ? ಬಾಗಿಲು ಬರುತ್ತೆ ಅಷ್ಟೇ!"

"ಬಾಗಿಲಿಂದಲೇ ಶುರು ಮಾಡು."

ತಮ್ಮ ಎದ್ದು ಹೊರಡುತ್ತಾನೆ. ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋಗಿರಬೇಕು, ಗೋಲ್‌ಕೀಪರ್ ಪಂದ್ಯದಲ್ಲಿ ಕೂಗುವ ದನಿಯಲ್ಲೇ ಕೂಗುತ್ತಾನೆ: "ಲೋ! ಹಿಂದೆಲ್ಲಾ ಬೆಳ್ಳಗಾಗಿದೆ ಕಣೋ!"

ತಮ್ಮ ಕತ್ತು ತಿರುಗಿಸಿ ನೋಡಿಕೊಳ್ಳುತ್ತಾನೆ, ಪಟಪಟ ಕೊಡವಿಕೊಳ್ಳುತ್ತಾನೆ, ತಡೆಯಲಾರದೆ ನಗುತ್ತಾನೆ. "ಸಂಜೆ ಮನೆಗೆ ಬರ್ತೀನಿ. ಅತ್ತಿಗೆಗೆ ಟೀ ಇಡೋಕೆ ಹೇಳು" ಎಂದು ಹೋಗುತ್ತಾನೆ.

ಗೆರೆಯಣ್ಣ ದಾರದ ಉಂಡೆಯನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಾರೆ. ಇನ್ನೇನು ಆಸೆ ಎಂದರೆ, ಎಡಕ್ಕೆ ಎಳೆಯದ ಒಂದು ಹೊಸ ಗಾಡಿ ಬೇಕಂತೆ. "ಬಂದ್ರೆ ಅದರ ಡೆಲಿವರಿ ಚೀಟಿಗೆ ನಾನೇ ಸಹಿ ಹಾಕ್ತೀನಿ. ನನ್ನ ಹೆಂಡ್ತಿ ಪೆನ್ನು ಕೊಟ್ರೆ."

ಒಂದು ಸಹಿಗೆ ಅವರು ಕಳೆದುಕೊಂಡದ್ದು ಒಂದು ಮನೆ, ಎರಡು ಕಾರು, ಒಬ್ಬ ಗೆಳೆಯ. ಅವು ಮರಳಿ ಬಂದಿಲ್ಲ, ಬರುವುದೂ ಇಲ್ಲ. ಇವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗೋಲ್‌ಕೀಪರನ ಮನೆ ಗೋಲ್‌ಕೀಪರನದಾಗಿಯೇ ಉಳಿದಿದೆ.