ಖತೀಜಾಳ ಕ್ಲಚ್ಚು

ನನ್ನ ಗಂಡ ಕೃಷ್ಣಸ್ವಾಮಿಯವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ, ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ. "ಒಳ್ಳೇದು ಮಾಡೋಕ್ಕೆ ಹೋದ್ವಲ್ಲೇ ರಮಾ" ಎಂದು ದಿನಕ್ಕೊಂದು ಸಲ ಹೇಳುತ್ತಾರೆ. ನನಗೆ ಮೈ ಉರಿಯುವುದೇ ಆ ಮಾತಿಗೆ. ಕೆಟ್ಟದ್ದು ಮಾಡಲೆಂದೇ ಹೋಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಒಳ್ಳೆಯದು ಮಾಡಿ, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡವರನ್ನು ಏನೆಂದು ಬೈಯುವುದು?

ಆದರೆ ಇದು ಅವರ ಕಥೆಯಲ್ಲ, ಖತೀಜಾಳದು. ಅಮೆರಿಕದ ಈ ಸಮರ್‌ಸೆಟ್‌ನಲ್ಲಿ ನಮ್ಮ ಎದುರು ಮನೆಯವಳು. ನಾನೂ ಮೈಸೂರಿನವಳೇ, ಅವಳೂ ಮೈಸೂರಿನವಳೇ. ಅವಳ ತಂದೆ ಮಂಡಿ ಮೊಹಲ್ಲಾದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಹೆಂಗಸರು ಕಲಿಯಲು ಬಂದರೆ ಮಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಕಳಿಸುತ್ತಿದ್ದರಂತೆ. ಕಾಲೇಜು ಓದುವ ಹುಡುಗಿ ಬುರ್ಖಾ ಹಾಕಿಕೊಂಡು ಬ್ಯಾಂಕಿನ ಆಫೀಸರಮ್ಮಂದಿರಿಗೆ, ಟೀಚರುಗಳಿಗೆ ಗೇರು ಹಾಕುವುದನ್ನು ಕಲಿಸುತ್ತಿದ್ದಳು. ಆಮೇಲೆ ಫಾರ್ಮಸಿ ಓದಿದಳು, ಮೆಹಬೂಬ್ ಅವರನ್ನು ಮದುವೆಯಾದಳು, ಇಲ್ಲಿಗೆ ಬಂದಳು. ಈಗ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಐದಡಿಯೂ ಇಲ್ಲದ ಗಿಡ್ಡ ಹೆಂಗಸು. ಅವಳ ಪಕ್ಕ ಮೆಹಬೂಬ್ ನಿಂತರೆ, ಅವಳ ಮಾತು ಕೇಳಲು ಅವರು ಬಗ್ಗಬೇಕಿತ್ತು. ಬಗ್ಗುತ್ತಿದ್ದರು, ಪಾಪ.

ಮೆಹಬೂಬ್ ಅವರಿಗೆ ಕಾರಿನ ಹುಚ್ಚು. ಕಂಪನಿಯೊಂದು ತನ್ನ ವಾರ್ಷಿಕೋತ್ಸವಕ್ಕೆಂದು ಪ್ರಪಂಚಕ್ಕೆಲ್ಲ ಸೇರಿ ಕೆಲವೇ ನೂರು ಸ್ಪೋರ್ಟ್ಸ್ ಕಾರು ತಯಾರಿಸಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾದು ಒಂದನ್ನು ತಂದರು. ಕಡು ಹಸಿರು ಬಣ್ಣ, ಎರಡೇ ಸೀಟು. ಕ್ಲಚ್ ಒತ್ತಿ ಕೈಯಲ್ಲೇ ಗೇರು ಹಾಕಬೇಕು. ಅದು ಎಷ್ಟನೆಯ ಕಾರು ಎಂದು ಕೊರೆದ ಪುಟ್ಟ ತಗಡು ಮುಂದುಗಡೆ ಇತ್ತು.

ಇಲ್ಲಿನ ಕನ್ನಡಿಗ ಗಂಡಸರದೊಂದು ಕಾರ್ ಕ್ಲಬ್ ಇದೆ, 'ಗೇರ್ ಗೆಳೆಯರು' ಎಂದು. ಎಡಿಸನ್‌ನಿಂದ ಬೆಲ್‌ರೋಸ್‌ವರೆಗೆ ಎಲ್ಲಿಂದೆಲ್ಲಿಂದಲೋ ಬರುತ್ತಾರೆ. ತಿಂಗಳಿಗೊಂದು ಬೆಳಿಗ್ಗೆ ನಮ್ಮ ಟೌನ್‌ಶಿಪ್ ಪಾರ್ಕಿನ ಪಾರ್ಕಿಂಗ್ ಲಾಟ್‌ನಲ್ಲಿ ಬಾನೆಟ್ಟುಗಳನ್ನು ತೆರೆದಿಟ್ಟು, ಕೈಕಟ್ಟಿ ನಿಂತು, ಒಬ್ಬರ ಇಂಜಿನ್ನು ಇನ್ನೊಬ್ಬರು ನೋಡುವುದು ಇವರ ಕೆಲಸ. ನಾವು ಹೆಂಗಸರು ಮಡಚುವ ಕುರ್ಚಿ ಹಾಕಿಕೊಂಡು ಚಿತ್ರಾನ್ನದ ಟ್ರೇ ಕಾಯುವುದು. ಇವರ ಶಾಸ್ತ್ರ ಒಂದೇ: ಲಿಮಿಟೆಡ್ ಎಡಿಷನ್ ಗಾಡಿ ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು. ತೊಳೆಯಬಹುದು, ಪಾಲಿಶ್ ಮಾಡಬಹುದು, ಬೂಷ್ಟು ಹಿಡಿಯುವವರೆಗೆ ಮುಚ್ಚಿಡಬಹುದು. ಒಂದು ಸ್ಕ್ರೂ ಬದಲಾಯಿಸಿದಿರೋ, ಮಡಿಬಟ್ಟೆ ಮುಟ್ಟಿದವರನ್ನು ನೋಡುವ ಹಾಗೆ ನೋಡುತ್ತಾರೆ.

ಮೆಹಬೂಬ್ ಅದೇ ಗಾಡಿಯ ಪೆಡಲುಗಳನ್ನು ಬದಲಾಯಿಸಿದರು. ಖತೀಜಾಳಿಗೆ ಕ್ಲಚ್ ಎಟುಕುತ್ತಿರಲಿಲ್ಲ, ಅದಕ್ಕೆ. ಒಂದು ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಅದೇ ಕೆಲಸ. ಅವಳನ್ನು ಸೀಟಿನಲ್ಲಿ ಕೂರಿಸಿ, ತಾವು ನೆಲದ ಮೇಲೆ ಮಂಡಿಯೂರಿ, ಅವಳ ಅಂಗಾಲಿಗೂ ಪೆಡಲಿಗೂ ನಡುವೆ ಕೈ ಇಟ್ಟು ನೋಡುತ್ತಿದ್ದರು. ಟಾರ್ಚ್ ಹಿಡಿದು ನಿಂತವಳು ನಾನು. "ಈಗ ಒತ್ತು" ಎನ್ನುವುದು, "ಇನ್ನೊಂಚೂರು" ಎಂದು ಇವಳು ಹೇಳುವುದು, ಅವರು ಹೋಗಿ ಅಲ್ಯುಮಿನಿಯಂ ತುಂಡನ್ನು ಮತ್ತೆ ಉಜ್ಜಿಕೊಂಡು ಬರುವುದು. ಕೊನೆಗೆ ಕ್ಲಚ್ಚಿನ ಮೇಲೆ, ಬ್ರೇಕಿನ ಮೇಲೆ, ಆಕ್ಸಿಲರೇಟರಿನ ಮೇಲೆ ಅವಳ ಕಾಲಿಗೆ ಸರಿಯಾದ ದಪ್ಪದ ತುಂಡುಗಳು ಬೋಲ್ಟು ಹಾಕಿಸಿಕೊಂಡು ಕೂತವು. ಬೆನ್ನಿಗೆ ಒಂದು ದಿಂಬೂ ಆಯಿತು. ಸ್ಟೀರಿಂಗಿಗೆ ಅವಳೇ ಚರ್ಮದ ಕವಚ ಹೊಲಿದುಕೊಂಡಳು. ತಾವು ಓಡಿಸುವಾಗ ಮೆಹಬೂಬ್ ದಿಂಬು ತೆಗೆದು, ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲು ಮಡಚಿಕೊಂಡು ಹೇಗೋ ಓಡಿಸುತ್ತಿದ್ದರು.

ಅವಳು ಓಡಿಸುವುದನ್ನು ನೋಡಬೇಕಿತ್ತು. ನನ್ನನ್ನು ಕೂರಿಸಿಕೊಂಡು ಅಷ್ಟು ದೂರದ ಬೆಲ್‌ರೋಸ್‌ನ ಹಿಲ್‌ಸೈಡ್ ಅವೆನ್ಯೂಗೆ ನಮ್ಮ ಕಡೆಯ ಸಾಮಾನು ತರಲು ಹೋಗುತ್ತಿದ್ದಳು. ಮಾತು ಒಂದು ಕಡೆ, ಗೇರು ಒಂದು ಕಡೆ. ಯಾವಾಗ ಗೇರು ಬದಲಾಯಿಸಿದಳು ಎಂದು ಪಕ್ಕದಲ್ಲಿ ಕೂತವಳಿಗೂ ಗೊತ್ತಾಗುತ್ತಿರಲಿಲ್ಲ.

ಕ್ಲಬ್ಬಿಗೆ ಮೊದಲ ಸಲ ಅವಳೇ ಓಡಿಸಿಕೊಂಡು ಬಂದಳು. ಗಂಡಸರೆಲ್ಲ ಫೋನ್ ಎತ್ತಿ ವಿಡಿಯೋ ಮಾಡಿದರು, ಮಗು ಮೊದಲ ಹೆಜ್ಜೆ ಇಟ್ಟ ಹಾಗೆ ಚಪ್ಪಾಳೆ ತಟ್ಟಿದರು. ನನ್ನ ಯಜಮಾನರು ಮುಂದೆ ಬಂದು, "ಮೆಹಬೂಬ್ ಸಾಹೇಬ್ರೇ, ನಿಮ್ ಧೈರ್ಯಾನ ಮೆಚ್ಚಬೇಕು! ಇನ್ಶೂರೆನ್ಸ್ ಕಟ್ಟಿದ್ದೀರಿ ತಾನೇ?" ಎಂದರು. ಎಲ್ಲರೂ ನಕ್ಕರು. ಮೆಹಬೂಬ್ ಸಂಕೋಚದಿಂದ ಅತ್ತಿತ್ತ ನೋಡಿದರು. ಖತೀಜಾ ಕೀ ಅವರ ಕೈಗೆ ಕೊಟ್ಟು ನಮ್ಮ ಜೊತೆ ಬಂದು ಕೂತಳು.

ಅವತ್ತಿನಿಂದ ಗಂಡ ಹೆಂಡತಿ ಪಾರ್ಕಿಗಿಂತ ಮುಂಚೆ ಸಿಗುವ ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ಲಿಸಿ ಸೀಟು ಬದಲಾಯಿಸಿಕೊಂಡು ಬರತೊಡಗಿದರು. "ಯಾಕೇ ಇದೆಲ್ಲ?" ಎಂದು ಕೇಳಿದೆ. "ಅವರ ಚಪ್ಪಾಳೆ ನಂಗೆ ಬೇಡ ರಮಾ. ಗಾಡಿ ಸಾಕು" ಎಂದಳು. ಕ್ಲಬ್ಬಿನ ಅಧ್ಯಕ್ಷ ನಕುಲ್ ಒಮ್ಮೆ ಬಗ್ಗಿ ನೋಡಿ, "ಅಂಕಲ್, ಪೆಡಲ್ ಮೇಲೆ ಇದೇನು?" ಎಂದಾಗ ಮೆಹಬೂಬ್, "ನಂಗೆ ಹೀಗೇ ಕಂಫರ್ಟಬಲ್" ಎಂದುಬಿಟ್ಟರು. ಮಂಡಿನೋವು ಇರಬೇಕು ಎಂದು ಇವರಿವರೇ ಮಾತಾಡಿಕೊಂಡರು.

ಈ ವರ್ಷ ಬೇಸಿಗೆಗೆ ಮುಂಚೆ ಮೆಹಬೂಬ್ ಹೋಗಿಬಿಟ್ಟರು. ಕೆಲಸದ ಜಾಗದಲ್ಲೇ, ಹೃದಯಾಘಾತ. ಅವತ್ತೇ ದಫನ್ ಆಯಿತು. ಗಂಡಸರು ಹೋಗಿ ಮಣ್ಣು ಕೊಟ್ಟು ಬಂದರು. ಖತೀಜಾ ಮನೆಯಲ್ಲಿ ಇದ್ದತ್ ಕೂತಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆಲ್ಲೂ ಹೋಗದೆ ಮನೆಯಲ್ಲೇ ಇರುವುದು ಅವರಲ್ಲಿನ ಕ್ರಮ. ಮಗಳು ನಬೀಲಾ, "ಅಮ್ಮಿ, ನೋಬಡಿ ಈಸ್ ಚೆಕಿಂಗ್" ಎಂದಳು. "ನಾನು ಚೆಕ್ ಮಾಡ್ಕೋತಿದೀನಲ್ಲ" ಎಂದಳು ಇವಳು.

ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು: "ಇದ್ದತ್ ಮುಗಿದ ದಿನ ಮೊದಲು ಅವರ ಹತ್ರ ಹೋಗ್ಬೇಕು. ಯಾರೂ ಕರ್ಕೊಂಡು ಹೋಗೋದು ಬೇಡ. ಆ ಗಾಡೀಲಿ, ನಾನೇ ಓಡಿಸ್ಕೊಂಡು." ಅಷ್ಟು ತಿಂಗಳು ಅವಳನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ ಆಸೆ.

ನಡುವೆ ಒಂದು ದಿನ ನಮ್ಮವರು ಅವಳಿಗೆ ಫೋನ್ ಮಾಡಿ, "ಖತೀಜಾ ಅವರೇ, ಗಾಡಿ ನಿಂತಲ್ಲೇ ನಿಂತ್ರೆ ಬ್ಯಾಟರಿ, ಟೈರು ಎಲ್ಲ ಹಾಳಾಗುತ್ತೆ. ನಮ್ಮ ನಕುಲ್ ಗ್ಯಾರೇಜಲ್ಲಿ ಇಟ್ಟು ನೋಡ್ಕೋತೀವಿ" ಎಂದರು. ಅವಳು ಒಪ್ಪಿದಳು. ನಾನೂ, ಪರವಾಗಿಲ್ಲ, ಇವರಿಗೂ ಒಂದಿಷ್ಟು ಬುದ್ಧಿ ಬಂತಲ್ಲ ಎಂದುಕೊಂಡೆ.

ಇದ್ದತ್ ಮುಗಿದ ಬೆಳಿಗ್ಗೆ ಗಾಡಿ ಪಾರ್ಕಿಗೆ ತಂದುಕೊಡುತ್ತೇವೆ ಎಂದಿದ್ದರು. ಪಾರ್ಕಿಗೆ ಯಾಕೆ, ಮನೆಗೇ ತರಬಾರದೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಹೋಗಿ ನೋಡಿದರೆ ಇಡೀ ಕ್ಲಬ್ಬು ನಿಂತಿದೆ. ಮೆಹಬೂಬ್ ಅವರ ಫೋಟೋ ಇರುವ ದೊಡ್ಡ ಬ್ಯಾನರು. ಬಾನೆಟ್ಟಿನ ಮೇಲೆ ಗುಲಾಬಿ ಹಾರ, ಟೈರಿನ ಕೆಳಗೆ ನಿಂಬೆಹಣ್ಣು! ಅದು ನಮ್ಮವರ ಕೆಲಸ, ಬೇರೆ ಯಾರದ್ದೂ ಅಲ್ಲ.

ನಕುಲ್ ಮೈಕ್ ಹಿಡಿದ. ಮೆಹಬೂಬ್ ಅಂಕಲ್ ನೆನಪಿಗೆ ಎಲ್ಲರೂ ಸೇರಿ ಗಾಡಿಯನ್ನು ರಿಸ್ಟೋರ್ ಮಾಡಿದ್ದೇವೆ, ಒರಿಜಿನಲ್ ಪೆಡಲು ಒಹಾಯೋದಿಂದ ತರಿಸಿದೆವು, ಈಗ ಇದು ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ ಎಂದ. ಚಪ್ಪಾಳೆಯೋ ಚಪ್ಪಾಳೆ. ನಮ್ಮವರು ಕಣ್ಣು ಒರೆಸಿಕೊಂಡರು.

ಖತೀಜಾ ಯಾರ ಕಡೆಗೂ ನೋಡದೆ ಹೋಗಿ ಸೀಟಿನಲ್ಲಿ ಕೂತಳು. ಹೊರಗಿನಿಂದ ಅವಳ ದುಪಟ್ಟಾದ ತುದಿಯಷ್ಟೇ ಕಾಣುತ್ತಿತ್ತು. ಸೀಟು ಮುಂದಕ್ಕೆ ಎಳೆದಳು. ಇನ್ನೂ ಎಳೆದಳು. ಅದಕ್ಕಿಂತ ಮುಂದೆ ಅದು ಬರಲಿಲ್ಲ. ಕಾಲು ಚಾಚಿದಳು. ಹೆಬ್ಬೆರಳ ತುದಿ ಕ್ಲಚ್ಚಿಗೆ ತಾಗಿತು, ಒತ್ತಲು ಆಗಲಿಲ್ಲ.

"ಪೆಡಲ್ ಮೇಲಿದ್ದಿದ್ದು ಎಲ್ಲಿ?" ಎಂದಳು.

"ಅದಾ ಆಂಟಿ?" ನಕುಲ್ ನಗುತ್ತ ಬಗ್ಗಿದ. "ಅದು ಯಾವ ಕಂಪನಿದೂ ಅಲ್ಲ, ಯಾರೋ ಕೈಯಲ್ಲಿ ಮಾಡಿದ್ದು. ರೀಸೈಕ್ಲಿಂಗ್‌ಗೆ ಹಾಕ್ಬಿಟ್ವಿ. ಆ ದಿಂಬು, ಸ್ಟೀರಿಂಗ್ ಕವರ್ ಕೂಡ. ಈಗ ಪರ್ಫೆಕ್ಟ್ ಆಗಿದೆ. ಎಲ್ಲಿಗೆ ಹೋಗ್ಬೇಕು ಹೇಳಿ, ನಾನು ಡ್ರೈವ್ ಮಾಡ್ತೀನಿ."

ನನಗೆ ತಡೆಯಲಾಗಲಿಲ್ಲ. "ಯಾರೋ ಅಲ್ಲ ಕಣೋ! ಅವಳ ಗಂಡ! ಇವಳ ಕಾಲಿಗೆ ಅಂತ ಮಾಡಿದ್ದು! ಆ ಗಾಡಿ ಓಡಿಸ್ತಿದ್ದಿದ್ದೇ ಇವಳು!" ಎಂದು ಕಿರುಚಿದೆ. ಯಜಮಾನರ ಕಡೆಗೆ ತಿರುಗಿದೆ. "ನಿಮಗೇನ್ರೀ ಬಂದಿತ್ತು? ನೀವೇ ನೋಡಿದ್ರಲ್ಲ ಅವತ್ತು? ಹಲ್ಲು ಕಿರಿದು ಜೋಕ್ ಹೊಡೆದ್ರಲ್ಲ?"

"ಅದು... ಒಂದು ಸಲ ಸುಮ್ನೆ ತಮಾಷೆಗೆ ಓಡಿಸಿದ್ರು ಅಂದ್ಕೊಂಡೆ ಕಣೇ" ಎಂದರು.

ತಮಾಷೆಗೆ! ಅಪ್ಪನ ಸ್ಕೂಲಿನಲ್ಲಿ ಅರ್ಧ ಮೈಸೂರಿಗೆ ಗಾಡಿ ಕಲಿಸಿದವಳು ತಮಾಷೆಗೆ ಓಡಿಸಿದಳಂತೆ. ಒಂದೇ ಒಂದು ಮಾತು ಅವಳನ್ನು ಕೇಳಲು ಇವರಿಗೆ ಏನಾಗಿತ್ತು? ಅವಳು ಮನೆಯಲ್ಲೇ ಇದ್ದಳು. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಫೋನ್ ಮಾಡಿದ್ದರೆ ಎತ್ತುತ್ತಿದ್ದಳು. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಎಂದುಕೊಂಡರಂತೆ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಖತೀಜಾ ಕೂಗಲಿಲ್ಲ. "ಡ್ರಿಲ್ ಇದೆಯಾ?" ಎಂದಳು.

ಇತ್ತು. ಇವರ ಡಿಕ್ಕಿಯಲ್ಲಿ ಎಲ್ಲವೂ ಇರುತ್ತದೆ. "ಜ್ಯಾಕ್ ಕೆಳಗೆ ಇಡ್ತೀರಲ್ಲ, ಆ ಮರದ ತುಂಡು ತನ್ನಿ. ಬೋಲ್ಟು ತನ್ನಿ. ಪೆಡಲ್‌ಗೆ ತೂತು ಹಾಕಿ ಮರ ಕೂರಿಸಿ."

ನಕುಲ್ ಪೆಡಲಿಗೆ ಕೈ ಅಡ್ಡ ಇಟ್ಟ. "ಆಂಟಿ, ಇದು ಒರಿಜಿನಲ್. ಹುಡುಕಿದ್ರೂ ಇನ್ನೊಂದು ಸಿಗಲ್ಲ. ಡ್ರಿಲ್ ಮಾಡಿದ್ರೆ ಗಾಡಿ ವ್ಯಾಲ್ಯೂನೇ ಹೋಗುತ್ತೆ."

"ನಕುಲ್, ಈ ಗಾಡಿ ಯಾರದ್ದು?"

"ಅಂಕಲ್‌ದು" ಎಂದ.

ಅವನಿಗೆ ಯೋಚಿಸಬೇಕಾಗಿಯೂ ಬರಲಿಲ್ಲ. ನನ್ನ ಕೈ ಎದ್ದೇಬಿಡುತ್ತಿತ್ತು.

"ಅಂಕಲ್ ಇಲ್ಲ" ಎಂದಳು ಖತೀಜಾ. "ತೂತು ಹಾಕು."

ಹಾಕಿದ. ಲೋಹದ ಚೂರು ಹೊಸ ಕಾರ್ಪೆಟ್ಟಿನ ಮೇಲೆ ಉದುರುವಾಗ ಕ್ಲಬ್ಬಿನ ಗಂಡಸರು ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ ಮುಖ ಹಿಂಡಿದರು. ಮೆಹಬೂಬ್ ಹೋದ ದಿನ ಈ ಮುಖಗಳಲ್ಲಿ ಅಷ್ಟು ನೋವು ನಾನು ಕಂಡಿರಲಿಲ್ಲ. ಅವಳ ಕಾಲಿನ ಹತ್ತಿರ ಮಂಡಿಯೂರಿ ಕೂತವಳು ನಾನು. ಕೈ ಇಟ್ಟು ನೋಡಿದೆ, ಎಷ್ಟು ಬೇಕೆಂದು ನನಗೆ ತಿಳಿಯಲಿಲ್ಲ. ಮೊದಲು ದಪ್ಪವಾಯಿತು, ಕೊಯ್ಯಿಸಿದೆ. ಆಮೇಲೆ ಓರೆಯಾಯಿತು. ಬೆನ್ನಿಗೆ ನನ್ನ ಶಾಲು ಸುತ್ತಿಟ್ಟೆ. "ಸಾಕು" ಎಂದಳು. ಸಾಲದು ಎನ್ನುವುದು ಅವಳ ಮುಖದಲ್ಲೇ ಇತ್ತು.

ಹಾರ ತೆಗೆಸಿದಳು, ಪಕ್ಕದ ಸೀಟಿಗೆ ನನ್ನನ್ನು ಕರೆದು ಕೂರಿಸಿಕೊಂಡಳು. ನಿಂಬೆಹಣ್ಣು ಚಪ್ಪಟೆಯಾದವು. ಗೇಟಿನ ಹತ್ತಿರ ಇಂಜಿನ್ನು ಒಮ್ಮೆ ಆಫ್ ಆಯಿತು. ಗಂಡಸರೆಲ್ಲ ಸಹಾಯಕ್ಕೆಂದು ಓಡಿ ಬಂದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಲ್ಲೇ ನಿಂತ್ಕೊಳ್ಳಿ!" ಎಂದು ಕಿರುಚಿದೆ. ನಿಂತರು. ಅವಳು ಮತ್ತೆ ಸ್ಟಾರ್ಟ್ ಮಾಡಿದಳು.

ದಾರಿಯುದ್ದಕ್ಕೂ ಅವಳಿಗೆ ಕ್ಲಚ್ಚಿನ ಜೊತೆ ಗುದ್ದಾಟ. ಪ್ರತಿ ಸಲ ಕ್ಲಚ್ ಒತ್ತುವಾಗಲೂ ಸೊಂಟದಿಂದ ಕೆಳಗೆ ಜಾರಿ, ಮತ್ತೆ ಮೇಲಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಅದನ್ನು ನೋಡುತ್ತ ನಾನು ಇಡೀ ಕ್ಲಬ್ಬಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ, ನಮ್ಮವರಿಗೆ ಎರಡು ಹೆಚ್ಚಾಗಿ.

ಖಬ್ರಸ್ತಾನದಲ್ಲಿ ಇನ್ನೂ ಕಲ್ಲು ಹಾಕಿರಲಿಲ್ಲ. ಹೆಸರು ಬರೆದ ಚಿಕ್ಕ ಫಲಕವಿತ್ತು. ಮಣ್ಣಿನ ಮೇಲೆ ಹುಲ್ಲು ಆಗತಾನೆ ಬರುತ್ತಿತ್ತು. ಅವಳು ಕೈಯೆತ್ತಿ ದುವಾ ಮಾಡಿದಳು. ಇನ್ನೇನು ಅಳುತ್ತಾಳೆ, ಹಿಡಿದುಕೊಳ್ಳಬೇಕು ಎಂದು ನಾನು ಹತ್ತಿರ ಹೋದೆ.

ಅವಳು ಅಳಲಿಲ್ಲ, ಬೈಯತೊಡಗಿದಳು. ಉರ್ದುವಿನಲ್ಲಿ. ಮೈಸೂರಿನಲ್ಲಿ ಬೆಳೆದ ನನಗೆ ಅಷ್ಟು ಅರ್ಥವಾಗುತ್ತದೆ. ಒಂದು ಮಾತು ಹೇಳಬಾರದಿತ್ತಾ ನೀವು? ಅಷ್ಟು ಜನ ನಿಂತಿದ್ದರು, ಕೇಳಿದರು, ಇದು ನನ್ನ ಹೆಂಡತಿ ಓಡಿಸೋ ಗಾಡಿ ಅಂತ ಒಂದೇ ಒಂದು ಮಾತು ಹೇಳೋಕ್ಕೆ ನಿಮಗೆ ನಾಲಿಗೆ ಬರಲಿಲ್ಲವಾ? ನನಗೋಸ್ಕರ ಅಷ್ಟು ಕಷ್ಟಪಟ್ಟು ಮಾಡಿ, ಅವರ ಮುಂದೆ ನನ್ನ ಹೆಸರು ಹೇಳೋಕ್ಕೆ ನಾಚಿಕೆಯಾಯಿತಾ?

ಗಂಡ ಎದುರಿಗೆ ನಿಂತಿದ್ದಾರೆ, ಈಗಲೇ ಉತ್ತರ ಕೊಡಬೇಕು ಎನ್ನುವ ಹಾಗೆ ಕೇಳುತ್ತಿದ್ದಳು. ನಾನು ಕಾರಿನ ಹತ್ತಿರ ವಾಪಸ್ಸು ಬಂದು ನಿಂತೆ. ಅವಳ ದನಿ ಅಲ್ಲಿಗೂ ಕೇಳುತ್ತಿತ್ತು.