ಶುಕ್ರವಾರದ ಹೋಳಿಗೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಚಿಕ್ಕವನಿದ್ದಾಗ ಅದು ಯುಗಾದಿಯ ಮೇಲಿತ್ತು. ಇಡೀ ಬೀದಿ ಎಣ್ಣೆ ಹಚ್ಚಿಕೊಂಡು ಮಿಂದು, ಮಾವಿನ ತೋರಣ ಕಟ್ಟಿ ಗದ್ದಲ ಮಾಡುತ್ತಿತ್ತು. ಅದರ ಹಿಂದೆಮುಂದೆ ಬರುವ ನಮ್ಮ ಈಸ್ಟರ್ ಮಾತ್ರ ಯಾರಿಗೂ ಗೊತ್ತಾಗದಂತೆ ಬಂದು ಹೋಗುತ್ತಿತ್ತು. ಭಾನುವಾರವೇ ಬೀಳುವುದರಿಂದ ಅದಕ್ಕೊಂದು ರಜೆಯ ಮರ್ಯಾದೆಯೂ ಇಲ್ಲ. ಈಗ ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೇನೆ. ಪ್ರತಿ ವರ್ಷ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಕೈಕುಲುಕಿ, "ಹ್ಯಾಪಿ ಗುಡ್ ಫ್ರೈಡೇ ಸರ್! ಶನಿವಾರ ಒಂದಿನ ರಜಾ ಹಾಕಿದ್ರೆ ಮೂರು ದಿನ ಆತು ನೋಡ್ರಿ" ಅನ್ನುತ್ತಾರೆ. ಅದು ನಮ್ಮ ದೇವರು ಸತ್ತ ದಿನ ಎಂದು ವಿವರಿಸಲು ಹೋಗುವುದಿಲ್ಲ. ಥ್ಯಾಂಕ್ಸ್ ಹೇಳಿ ಪೇಪರ್ ತಿದ್ದುತ್ತೇನೆ. ಈಗೀಗ ಬೇಕರಿಯವರು ಬಣ್ಣದ ಕಾಗದ ಸುತ್ತಿದ ಚಾಕಲೇಟ್ ಮೊಟ್ಟೆ ಇಡುತ್ತಾರೆ. ನಮ್ಮ ಹಬ್ಬದ ಬಗ್ಗೆ ಊರಿಗೆ ತಿಳಿದಿರುವುದು ಇಷ್ಟೇ, ರಜೆ ಮತ್ತು ಮೊಟ್ಟೆ.

ಆದರೆ ನನ್ನ ಅಸಲಿ ಹೊಟ್ಟೆಕಿಚ್ಚು ಎದುರು ಮನೆಯ ಅಕ್ಕನ ಮೇಲೆ. ಎಂ.ಸಿ.ಸಿ. ಬಿ ಬ್ಲಾಕಿಗೆ ನಾವು ಮನೆ ಬದಲಿಸಿದ ದಿನ ಕುಡಿಯುವ ನೀರು ತಂದುಕೊಟ್ಟವರು ಅವರು. ಲಿಂಗಾಯತರು, ಗಂಡನದು ಕಾಳಿನ ಮಂಡಿ. ನನ್ನ ಹೆಂಡತಿಗೂ ಅವರಿಗೂ ಹದಿನೆಂಟು ವರ್ಷದ ಗೆಳೆತನ. ನಾನು ಸಂಜೆ ಸ್ಕೂಟರ್ ನಿಲ್ಲಿಸಿದರೆ ಸಾಕು, ಜಗಲಿಯ ಮೇಲಿನ ನಗು ಗಕ್ಕನೆ ನಿಲ್ಲುತ್ತಿತ್ತು. ಏನು ವಿಷಯ ಎಂದು ಕೇಳಿದರೆ, "ನಿಮಗಲ್ಲ ಬಿಡ್ರಿ" ಎನ್ನುವಳು ನನ್ನವಳು. ಆ ಮಾತು ಎಷ್ಟು ಚುಚ್ಚುತ್ತಿತ್ತೆಂದು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.

ಪ್ರತಿ ಗುಡ್ ಫ್ರೈಡೇ ಈ ಅಕ್ಕ ಒಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ತರುತ್ತಿದ್ದರು. ನಮ್ಮ ಮನೆಯಲ್ಲಿ ಅಂದು ಸಾವಿನ ಮನೆಯ ಮೌನ. ಹನ್ನೆರಡರಿಂದ ಮೂರರವರೆಗೆ ಚರ್ಚಿನಲ್ಲಿ ಕೂತು ಬಂದು ಬರೀ ಗಂಜಿ ಕುಡಿಯುವ ದಿನ. ಅಂಥ ಹೊತ್ತಿನಲ್ಲಿ ಹೋಳಿಗೆ! ನನ್ನವಳು ಮಾತ್ರ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ಕಪಾಟಿನ ಮೇಲಿಡುತ್ತಿದ್ದಳು.

"ಪಾಪ, ದಿನ ತಪ್ಪಾಗೈತೆ ಅಂತ ಒಂದು ಮಾತು ಹೇಳಬಾರದಾ?" ಎಂದು ನಾನು ಒಂದೆರಡು ಸಲ ಹೇಳಿದ್ದುಂಟು.

"ಇರ್ಲಿ ಬಿಡ್ರಿ" ಎಂದು ನಗುತ್ತಿದ್ದಳು.

ಭಾನುವಾರ ಇನ್ನೂ ಕತ್ತಲಿರುವಾಗಲೇ ನಾವು ಹರಿಹರಕ್ಕೆ ಹೊರಡುತ್ತಿದ್ದೆವು. ಅದು ಅವಳ ತವರು. ಈಸ್ಟರ್ ಬೆಳಗ್ಗೆ ಅಲ್ಲಿ ನಮ್ಮ ಚರ್ಚಿನ ಸಭೆಯವರೆಲ್ಲ ಸೇರುವುದು ಸ್ಮಶಾನದಲ್ಲಿ. ಹಿಂದಿನ ದಿನವೇ ಸಮಾಧಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಹರಡಿ, ಮೇಣದಬತ್ತಿ ಅಂಟಿಸಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಪಾಸ್ಟರು "ಕ್ರಿಸ್ತನು ಎದ್ದಿದ್ದಾನೆ" ಎಂದು ಮೂರು ಸಲ ಕೂಗುತ್ತಾರೆ. ಜನ "ನಿಜವಾಗಿಯೂ ಎದ್ದಿದ್ದಾನೆ" ಎಂದು ಮೂರು ಸಲ ಉತ್ತರ ಕೊಡುತ್ತಾರೆ. ಅವನು ಎದ್ದಿದ್ದರಿಂದ ಇಲ್ಲಿ ಮಲಗಿರುವವರೂ ಒಂದು ದಿನ ಏಳುತ್ತಾರೆ ಎನ್ನುವುದೇ ಅದರ ಅರ್ಥ. ನಾನು ಬಾಯಿ ಆಡಿಸುತ್ತಿದ್ದೆ, ಅಷ್ಟೇ. ನನ್ನವಳು ಪೂರ್ತಿ ಗಂಟಲಿನಿಂದ ಹೇಳಿ, ಅಪ್ಪ ಅಮ್ಮನ ಸಮಾಧಿಯ ಪಕ್ಕ ಕೂತು ಡಬ್ಬಿ ತೆರೆಯುತ್ತಿದ್ದಳು. ಅವಳಿಗೆ ಈಸ್ಟರಿನ ಮೊದಲ ತುತ್ತು ಆ ಹೋಳಿಗೆ. ಆ ನಂಬಿಕೆಯ ಮೇಲೂ ನನಗೆ ಹೊಟ್ಟೆಕಿಚ್ಚೇ.

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಹರಿಹರದಲ್ಲೇ, ಅಪ್ಪ ಅಮ್ಮನ ಪಕ್ಕದಲ್ಲೇ ಮಣ್ಣು ಮಾಡಿದೆವು. ನಾನು ಆಂಬುಲೆನ್ಸು, ಹೂವು, ಕುರ್ಚಿ ಅಂತ ಓಡಾಡುತ್ತಿದ್ದರೆ ಅಕ್ಕ ಗುಂಡಿಯ ಪಕ್ಕ ಕೂತು ಗೋಳೋ ಎಂದು ಅತ್ತರು. ಬಂದವರೆಲ್ಲ ಸಮಾಧಾನ ಮಾಡಿದ್ದು ಅವರನ್ನು. ಗಂಡ ನಾನೋ ಅವರೋ ಎಂದು ಕೂಗಬೇಕೆನ್ನಿಸಿತ್ತು. ಅಕ್ಕನ ಅತ್ತೆ ತೀರಿಕೊಂಡಾಗ ನೋಡಿದ್ದೆ. ಲಿಂಗಾಯತರೂ ನಮ್ಮ ಹಾಗೆ ಮಣ್ಣಿಗೇ ಇಡುವವರು, ಆದರೆ ಕೂರಿಸಿ, ಕೈಯಲ್ಲಿ ಲಿಂಗ ಕೊಟ್ಟು. ಲಿಂಗೈಕ್ಯರಾದರು ಎಂದರೆ ಮುಗಿಯಿತು, ಶಿವನಲ್ಲಿ ಹೋಗಿ ಸೇರಿದ ಹಾಗೆ. ನಮ್ಮವಳು ಮಾತ್ರ ಕಾಯುತ್ತಾ ಮಲಗಿರಬೇಕು, ನಾನೂ ಕಾಯಬೇಕು. ಇದರಲ್ಲೂ ಅಕ್ಕನದೇ ಮೇಲುಗೈ.

ಈ ವರ್ಷ ಗುಡ್ ಫ್ರೈಡೇ ಬಂತು. ಮೂರು ಗಂಟೆಯ ಬಿಸಿಲಿನಲ್ಲಿ ಚರ್ಚಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಎದುರಿಗೆ ಅದೇ ಡಬ್ಬಿ.

"ತಗಳ್ರಿ ಮೇಷ್ಟ್ರೆ" ಎಂದರು ಅಕ್ಕ.

ಹದಿನೆಂಟು ವರ್ಷದ ಕಿಚ್ಚು ಒಮ್ಮೆಲೇ ಹೊರಗೆ ಬಂತು. "ಅಕ್ಕಾರೆ, ಇವತ್ತು ನಮಗೆ ಹಬ್ಬ ಅಲ್ಲ, ದುಃಖದ ದಿನ. ಸಿಹಿ ಮುಟ್ಟಲ್ಲ. ಅವಳು ಒಂದು ವರ್ಷನೂ ಇದನ್ನ ಇವತ್ತು ತಿಂದೋಳಲ್ಲ. ನಿಮಗೆ ಬೇಜಾರಾಗ್ತೈತೆ ಅಂತ ಹೇಳಿರಲಿಲ್ಲ, ಅಷ್ಟೇ" ಎಂದೆ. ಅವರ ಮುಖ ಸಣ್ಣದಾಗುವುದನ್ನು ನೋಡಲು ಕಾದು ನಿಂತೆ. ನಾಚಿಕೆಯಾಗುತ್ತದೆ, ಆದರೆ ಕಾದದ್ದು ನಿಜ.

ಅಕ್ಕನ ಮುಖ ಸಣ್ಣದಾಗಲಿಲ್ಲ. "ಗೊತ್ತೈತ್ರಿ" ಎಂದರು. "ಮೊದಲನೇ ವರ್ಷ ಬ್ಯಾಳಿ ಹೋಳಿಗೆ ತಂದಿದ್ದೆ. ಆವಾಗ್ಲೇ ಹೇಳಿದ್ಲು. ನಾನು ಗಾಬರಿಯಾಗಿ ವಾಪಸ್ ತಗಂಡು ಹೊಂಟೆ, ಕೈ ಹಿಡಿದು ನಿಲ್ಸಿದ್ಲು. ಮುಂದಿನ ವರ್ಷನೂ ಇವತ್ತೇ ತಗಂಬಾ ಅಕ್ಕ, ಭಾನುವಾರದ ತನಕ ಕೆಡದಂಥದ್ದು ಮಾಡು ಅಂದ್ಲು."

"ಯಾಕ?"

"ಶುಕ್ರವಾರ ಎಲ್ಲಾ ಮುಗಿದೋದಂಗ ಅನಸ್ತೈತಂತೆ. ಭಾನುವಾರದ ಸಿಹಿ ಆಗ್ಲೇ ಮನೆಯಾಗ ಬಂದು ಕುಂತೈತೆ ಅಂತ ಗೊತ್ತಿದ್ರೆ ತಡ್ಕಬೋದು ಅಂತಿದ್ಲು. ನಿಮಗೆ ಹೇಳಿರಲಿಲ್ಲೇನ್ರಿ?"

ಹೇಳಿರಲಿಲ್ಲ. ಮಕ್ಕಳಿಗೆ ಪದಾರ್ಥ ಯಾಕೆ ಹಳಸುತ್ತದೆಂದು ಪಾಠ ಮಾಡುವ ನನಗೆ, ಯುಗಾದಿಗೆ ಬೇಳೆ ಹೋಳಿಗೆ ಮಾಡುವ ಅಕ್ಕ ಗುಡ್ ಫ್ರೈಡೇಗೆ ಮಾತ್ರ ಶೇಂಗಾದ್ದು ಯಾಕೆ ಮಾಡುತ್ತಾರೆಂದು ಒಂದು ವರ್ಷವೂ ಹೊಳೆದಿರಲಿಲ್ಲ. ನಮ್ಮ ಹಬ್ಬದ ತಿರುಳನ್ನು ಅವಳು ನನಗಲ್ಲ, ಲಿಂಗ ಕಟ್ಟಿದ ಎದುರು ಮನೆಯ ಹೆಂಗಸಿಗೆ ಹೇಳಿದ್ದಳು. ಡಬ್ಬಿ ತೆಗೆದುಕೊಂಡು ಕಪಾಟಿನ ಮೇಲಿಟ್ಟೆ. ಎರಡು ದಿನ ಹೋಗುತ್ತಾ ಬರುತ್ತಾ ಅದನ್ನು ನೋಡಿದೆ.

ಭಾನುವಾರ ಒಬ್ಬನೇ ಹರಿಹರಕ್ಕೆ ಹೋದೆ. ಅವಳ ಸಮಾಧಿಯ ಸುಣ್ಣ ಇನ್ನೂ ಹಸಿಯಾಗಿತ್ತು. ಪಾಸ್ಟರು ಕೂಗಿದರು, ನಾನು ಸುಮ್ಮನಿದ್ದೆ. ನಿಜಕ್ಕೂ ಇವಳು ಒಂದು ದಿನ ಎದ್ದು ಕೂತರೆ ಮೊದಲು ಯಾರನ್ನು ಕೇಳುತ್ತಾಳೆ ಎಂದು ಯೋಚಿಸುತ್ತಿದ್ದೆ. ಇನ್ನಾರನ್ನು? "ಅಕ್ಕ ಎಲ್ಲಿ?" ಅಂತಲೇ ಕೇಳುತ್ತಾಳೆ. ಎರಡನೇ ಸಲ ಕೂಗಿದಾಗಲೂ ಸುಮ್ಮನಿದ್ದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು. ಆಗ ತಿಳಿಯಿತು, ಅವಳು ಏಳುವುದಿಲ್ಲ ಎಂದುಕೊಂಡವನಿಗೆ ಈ ಉರಿ ಹುಟ್ಟಲು ಸಾಧ್ಯವೇ ಇಲ್ಲ. ಮೂರನೇ ಸಲ "ನಿಜವಾಗಿಯೂ ಎದ್ದಿದ್ದಾನೆ" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಸಮಾಧಿಯ ಹತ್ತಿರ ನಿಂತಿದ್ದ ಅಜ್ಜಿ ಬೆಚ್ಚಿ ತಿರುಗಿ ನೋಡಿದರು.

ಕೂತು ಡಬ್ಬಿ ತೆರೆದೆ. ಹೋಳಿಗೆ ಕೆಟ್ಟಿರಲಿಲ್ಲ. ಎದ್ದ ದಿನ ಅವಳು ಮೊದಲು ಅಕ್ಕನನ್ನೇ ಕೇಳಲಿ. ನಾನು ಅಲ್ಲೇ ಪಕ್ಕದಲ್ಲಿ, ಹೊಟ್ಟೆ ಉರಿದುಕೊಂಡು ನಿಂತಿರುತ್ತೇನೆ.