ಅರಿಶಿನ ಕೆಂಪಾಗುವಷ್ಟು ಹೊತ್ತು

ಆಲೆಮನೆಯಲ್ಲಿ ದೇವೀರಮ್ಮ ನಿಲ್ಲಬಾರದ ಜಾಗ ಒಂದಿತ್ತು. ಕೊಪ್ಪರಿಗೆಯ ಪಕ್ಕ. ಗಾಣದ ಬಾಯಿಂದ ಕಬ್ಬಿನ ಸಿಪ್ಪೆ ಹೊರಬಹುದು, ಬಿಸಿಲಿಗೆ ಹರವಬಹುದು, ಒಣಗಿದ್ದನ್ನು ಒಲೆಯ ಬಾಯಿಗೆ ತಂದು ಸುರಿಯಬಹುದು. ಆದರೆ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಹೊತ್ತಿಗೆ ಅವಳು ಸರಿದು ಹೋಗಬೇಕು. ಹಾಗೆಂದು ಹೇಳಿದವನು ಪಾಕ ಇಳಿಸುವ ಚಿಕ್ಕಸ್ವಾಮಿ. ಅವಳ ಎಡಗಣ್ಣು ಎಳನೀರಿನ ಗಂಜಿಯ ಹಾಗೆ ಬೆಳ್ಳಗಿತ್ತು. ಒಕ್ಕಣ್ಣಿನವರ ನೋಟ ಬಿದ್ದರೆ ಬೆಲ್ಲ ಗಟ್ಟಿಯಾಗುವುದಿಲ್ಲ ಎಂಬುದು ಅವನಿಗೆ ಅಪ್ಪನಿಂದ ಬಂದ ಮಾತು.

"ಬೇಜಾರ್ ಮಾಡ್ಕಬ್ಯಾಡ ದೇವೀರಕ್ಕ," ಎಂದಿದ್ದ ಮೊದಲ ವಾರವೇ. "ನಿನ್ ಮ್ಯಾಲೆ ನಂಗೇನೂ ಇಲ್ಲ. ಪಾಕದ ಮ್ಯಾಲೆ ಭಯ."

"ಅದ್ಸರಿ ಬುಡಪ್ಪ. ಬೆಲ್ಲ ಕೆಟ್ರೆ ನನ್ ಕಣ್ಣು, ಚೆಂದಾಗ್ ಬಂದ್ರೆ ನಿನ್ ಕೈ," ಎಂದು ಅವಳು ಸಿಪ್ಪೆಯ ಹೊರೆಯನ್ನು ತಲೆಗೆ ಏರಿಸಿಕೊಂಡಿದ್ದಳು.

ಆಲೆಮನೆ ಇದ್ದ ಹೆಮ್ಮಿಗೆಯೇ ಅವಳ ಹುಟ್ಟೂರು. ಎಂಟು ವರ್ಷದವಳಿದ್ದಾಗ ಗೋಡೆಗೆ ಬಳಿಯಲು ಕಲೆಸಿಟ್ಟಿದ್ದ ಸುಣ್ಣ ಅವಳ ಕಣ್ಣಿಗೆ ಸಿಡಿದಿತ್ತು. ಉರಿ ತಾಳಲಾರದೆ ಹುಡುಗಿ ತೊಟ್ಟಿಯ ಕಡೆ ಓಡಿದರೆ, ಅವ್ವ ಎರಡೂ ಕೈ ಹಿಡಿದು ತಡೆದಿದ್ದಳು. ಸುಣ್ಣಕ್ಕೆ ನೀರು ತಾಕಿದರೆ ಕುದಿಯುತ್ತದೆ, ಕಣ್ಣು ಬೆಂದುಹೋಗುತ್ತದೆ ಎಂದು ಹರಳೆಣ್ಣೆ ಬಿಟ್ಟು, ಬಟ್ಟೆ ಕಟ್ಟಿ, ಮೂರು ದಿನ ಕತ್ತಲೆಯಲ್ಲಿ ಮಲಗಿಸಿದ್ದಳು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದಾಗ ಕರಿಗುಡ್ಡೆ ಇರಲಿಲ್ಲ. ಅದಿದ್ದ ಜಾಗವೆಲ್ಲ ಹಾಲಿನಂಥ ಬಿಳುಪು. ಆ ಮೇಲೆ ಎರಡು ಸಲ ಮದುವೆಯ ಮಾತು ಮನೆಯ ಬಾಗಿಲವರೆಗೆ ಬಂದು ಕಾಫಿ ಕುಡಿದು ಹೋಯಿತು. ಅವ್ವ ಸಾಯುವವರೆಗೂ ಮಗಳ ಬಲಗಡೆಯೇ ಕೂರುತ್ತಿದ್ದಳು.

ನಡುವೆ ಹನ್ನೊಂದು ವರ್ಷ ದೇವೀರಮ್ಮ ನಂಜನಗೂಡಿನಲ್ಲಿ ಡಾಕ್ಟರ್ ಶ್ರೀವಾಣಿಯವರ ಕಣ್ಣಿನ ಕ್ಲಿನಿಕ್ಕಿನಲ್ಲಿ ಇದ್ದಳು. ಕಸ ಗುಡಿಸುವುದು, ನೆಲ ಒರೆಸುವುದು. ಮಕ್ಕಳು ಒದ್ದಾಡಿದರೆ ತಲೆ ಹಿಡಿದುಕೊಳ್ಳುವುದು. ಹಿಡಿದುಕೊಂಡವಳು ನೋಡದೆ ಇರುತ್ತಾಳೆಯೇ? ಎಲೆಯಡಿಕೆಯ ಸುಣ್ಣದ ಟ್ಯೂಬು ಹಿಚುಕಿ ಕಣ್ಣಿಗೆ ಹಾರಿಸಿಕೊಂಡ ಮಕ್ಕಳು ಬರುತ್ತಿದ್ದವು. ಡಾಕ್ಟರು ಬೇರೇನೂ ಮಾಡುವ ಮೊದಲು ಕಣ್ಣಿಗೆ ನೀರು ಬಿಡುತ್ತಿದ್ದರು. ಬಾಟಲಿಯ ಮೇಲೆ ಬಾಟಲಿ. ನಡುನಡುವೆ ಒಂದು ಹಳದಿ ಕಾಗದದ ಚೂರನ್ನು ಕಣ್ಣಂಚಿಗೆ ಮುಟ್ಟಿಸುತ್ತಿದ್ದರು. ಅದು ನೀಲಿಯಾದರೆ ಇನ್ನೂ ಸುಣ್ಣ ಇದೆ ಎಂದು ಅರ್ಥ, ಮತ್ತೆ ನೀರು. ಮೊದಲ ಸಲ ಅದನ್ನು ಕಂಡ ದಿನ, ತನ್ನ ಕಣ್ಣಿಗೂ ಬೇಕಿದ್ದುದು ನೀರೇ ಎಂದು ದೇವೀರಮ್ಮನಿಗೆ ತಿಳಿಯಿತು. ಅವ್ವನಿಗೆ ಹೇಳಲಿಲ್ಲ. ಕೊನೆಗೆ ಅವ್ವ ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ಊರಿಗೆ ಬಂದಳು, ಆಗಲೂ ಹೇಳಲಿಲ್ಲ. ಅವ್ವ ಹೋದ ಮೇಲೆ ಶಂಭುಲಿಂಗಪ್ಪನ ಆಲೆಮನೆಯ ಕೆಲಸಕ್ಕೆ ಸೇರಿದಳು.

ಸಂಕ್ರಾಂತಿ ಕಳೆದ ವಾರ, ಬೆಳಗಿನ ಮೊದಲ ಕೊಪ್ಪರಿಗೆ. ಹಾಲು ಬಿಸಿಯಾಗುತ್ತಿತ್ತು. ಅದರ ಕೊಳೆ ಮೇಲೇಳಲು ಸುಣ್ಣದ ತಿಳಿ ಬೇಕು. ಚಿಕ್ಕಸ್ವಾಮಿ ಬಕೆಟ್ಟಿನ ನೀರಿಗೆ ಸುಣ್ಣದ ಹರಳು ಹಾಕಿ ಬಗ್ಗಿದ. ದಿನವೂ ಹಾಕುವ ಹರಳೇ. ಅಂದು ಒಂದು ದೊಡ್ಡದಿತ್ತು. ಬಕೆಟ್ಟು ಬುಸ್ಸೆಂದಿತು.

ಅವನ ಕೂಗು ಗಾಣದ ಸದ್ದನ್ನು ಸೀಳಿಕೊಂಡು ಬಂತು.

ದೇವೀರಮ್ಮ ಹೊರೆ ಎಸೆದು ಬರುವಷ್ಟರಲ್ಲಿ ಅವನು ಬಲಗಣ್ಣನ್ನು ಎರಡೂ ಅಂಗೈಯಲ್ಲಿ ಅದುಮಿಕೊಂಡು ಮಂಡಿಯೂರಿದ್ದ. ಕೆನ್ನೆಯ ಮೇಲೆ ಬಿಳಿ ಕೆಸರು. ಒಲೆಯ ಮಲ್ಲಯ್ಯ ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಸಿಪ್ಪೆ ಹಿಡಿದೇ ನಿಂತಿದ್ದ.

"ನೀರು ತತ್ತಾ ಮಲ್ಲಯ್ಯ!" ಎಂದಳು ದೇವೀರಮ್ಮ.

"ನೀರ್ ಬ್ಯಾಡ!" ಚಿಕ್ಕಸ್ವಾಮಿ ಕಿರುಚಿದ. "ಎಣ್ಣೆ! ನಾಗರತ್ನ, ಎಣ್ಣೆ ತಾ!"

ನಾಗರತ್ನ ಅವನ ಹೆಂಡತಿ, ಅಲ್ಲೇ ಬೆಲ್ಲದ ಉಂಡೆ ಕಟ್ಟುವವಳು. ಹರಳೆಣ್ಣೆಯ ಡಬ್ಬ ಕೊಪ್ಪರಿಗೆಯ ಪಕ್ಕದಲ್ಲೇ ಇತ್ತು. ಹಾಲು ಉಕ್ಕಿ ಬಂದರೆ ನಾಲ್ಕು ಹನಿ ಬಿಟ್ಟರೆ ಸಾಕು, ಕೊಪ್ಪರಿಗೆ ತಣ್ಣಗೆ ತಲೆ ತಗ್ಗಿಸುತ್ತದೆ. ಇಪ್ಪತ್ತು ವರ್ಷ ಅದನ್ನೇ ಕಂಡವನಿಗೆ ಕಣ್ಣಿನ ಉರಿಗೂ ಅದೇ ನೆನಪಾಯಿತು. ನಾಗರತ್ನ ಡಬ್ಬ ಹಿಡಿದು ಓಡಿಬಂದಳು. ದೇವೀರಮ್ಮ ಅಡ್ಡ ನಿಂತಳು.

"ಬುಡಬ್ಯಾಡ ನಾಗರತ್ನ. ಎಣ್ಣೆ ಬುಟ್ರೆ ಸುಣ್ಣ ಒಳಗೇ ಕುಂತ್ಕತದೆ."

"ಸುಣ್ಣಕ್ ನೀರ್ ಬಿದ್ರೆ ಕುದೀತದೆ! ಕಂಡಿಲ್ವ ನೀನು?" ಚಿಕ್ಕಸ್ವಾಮಿಯ ಹಲ್ಲು ಕಟಕಟಿಸುತ್ತಿದ್ದವು.

"ಕುದ್ದದ್ದಾಯ್ತು ಕಣ್ಲಾ! ಬಕೀಟಲ್ಲೇ ಕುದ್ದು ನಿನ್ ಕಣ್ಣಿಗ್ ಸಿಡ್ದದೆ. ಇನ್ನು ಅದು ಕುದಿಯಾಕಿಲ್ಲ, ಕೊರೀತದೆ." ಅವಳು ಅವನೆದುರು ಕುಳಿತಳು. "ಚಿಕ್ಕಸಾಮಿ, ಆ ಕಣ್ಣು ಬುಡು. ಈ ಕಣ್ಣಲ್ಲಿ ನನ್ನ ನೋಡು. ನಂಗೆ ಎಣ್ಣೆ ಬುಟ್ಟಿದ್ರು."

ಅವನು ಎಡಗಣ್ಣು ತೆರೆದ. ಜೊತೆಗೆ ಕೆಲಸ ಮಾಡಿದ ಆರು ವರ್ಷದಲ್ಲಿ ಮೊದಲ ಸಲ ಆ ಬಿಳಿಯನ್ನು ಅಷ್ಟು ಹತ್ತಿರದಿಂದ ನೋಡಿದ. ಬಲಗಣ್ಣಿನ ಮೇಲಿದ್ದ ಕೈ ಸಡಿಲಿಸಿದ.

ನಾಗರತ್ನ ಡಬ್ಬವನ್ನು ನೆಲಕ್ಕಿಟ್ಟು, "ಅಕ್ಕ ಯೋಳ್ದಂಗೆ ಮಾಡಿ," ಎಂದಳು.

ಅವನನ್ನು ಬೋರ್‌ವೆಲ್ಲಿನ ಕಟ್ಟೆಯ ಮೇಲೆ ಬಲಮಗ್ಗುಲಾಗಿ ಮಲಗಿಸಿದರು. ಸುಣ್ಣ ಬಿದ್ದ ಕಣ್ಣಿನ ನೀರು ಇನ್ನೊಂದು ಕಣ್ಣಿಗೆ ಹರಿಯಬಾರದಲ್ಲ. ಮಲ್ಲಯ್ಯ ತಲೆ ಹಿಡಿದ. ದೇವೀರಮ್ಮ ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿದಳು, ನಾಗರತ್ನ ಚೊಂಬಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಬಿಟ್ಟಳು. ಚಿಕ್ಕಸ್ವಾಮಿ ಬಿಲ್ಲಿನಂತೆ ಸೆಟೆದ.

"ನಿಲ್ಲಿಸ್ಬ್ಯಾಡ. ಸುರೀತಾನೇ ಇರು. ಮ್ಯಾಕ್ ನೋಡ್ಲಾ, ಈಗ ಕೆಳಕ್ಕೆ, ಈಗ ಆ ಕಡೀಕೆ."

ಒಂದು ಕೊಡ ಮುಗಿಯಿತು. ಇನ್ನೊಂದು. ಅಷ್ಟರಲ್ಲಿ ಯಜಮಾನ ಶಂಭುಲಿಂಗಪ್ಪ ಓಮ್ನಿ ತಂದು ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದು ಬಂದ.

"ಏನಮ್ಮಾ ಇದು! ಎತ್ತಿ, ಗಾಡಿಗೆ ಹಾಕಿ. ನರಸೀಪುರದ ಆಸ್ಪತ್ರೆ ಏನು ದೂರವಾ?"

"ಈಗ್ಲೇ ಕರ್ಕಂಡೋದ್ರೆ ದಾರಿ ಉದ್ದಕ್ಕೂ ಸುಣ್ಣ ತಿಂತಾ ಇರ್ತದೆ ಯಜಮಾನ್ರೆ. ಅಲ್ಲಿ ಡಾಕ್ಟ್ರಿಗೆ ನೋಡಕ್ಕೆ ಏನ್ ಉಳೀತದೆ? ಮೊದ್ಲು ನೀರು. ಆಮ್ಯಾಕೆ ದಾರಿ."

"ನೀನೇನು ಡಾಕ್ಟ್ರಾ?"

"ಅಲ್ಲ. ಕಸ ಗುಡಿಸ್ತಿದ್ದೆ."

ಶಂಭುಲಿಂಗಪ್ಪ ಬೆರಳು ತೋರಿಸಿದ. "ಕಣ್ಣಿಗೆ ಏನಾದ್ರೂ ಆಯ್ತೋ, ಊರೆಲ್ಲ ನಿನ್ನೇ ಅನ್ನೋದು. ತಿಳ್ಕೊ."

ತಿಳಿದಿತ್ತು. ಕಣ್ಣು ಹೋದರೆ ಒಕ್ಕಣ್ಣಿ ಇನ್ನೊಬ್ಬನನ್ನು ತನ್ನ ಹಾಗೆ ಮಾಡಿದಳು ಎನ್ನುತ್ತಾರೆ. ಪಾಕದ ಎಳೆ, ಗುಳ್ಳೆಯ ಗಾತ್ರ, ಬಣ್ಣ ತಿರುಗುವ ಗಳಿಗೆ, ಎಲ್ಲವನ್ನೂ ಕಣ್ಣಳತೆಯಲ್ಲೇ ಹಿಡಿಯುವ ಮನುಷ್ಯ ಇವನು. ಅವಳು ತಲೆ ಎತ್ತದೆ, "ನಾಗರತ್ನ, ಚೊಂಬು," ಎಂದಳು.

ಐದನೆಯ ಕೊಡಕ್ಕೆ ಚಿಕ್ಕಸ್ವಾಮಿಯ ಒದ್ದಾಟ ತಗ್ಗಿತು. "ಸಾಕು ಕಣಕ್ಕ. ಉರಿ ಇಳೀತು. ಓಗುವಾ."

ಇಳಿಯಿತೇ? ಅವಳಿಗೆ ಹೇಗೆ ಗೊತ್ತಾಗಬೇಕು? ಸುಣ್ಣ ನರವನ್ನು ಸುಟ್ಟರೂ ಉರಿ ಇಳಿಯುತ್ತದೆ. ತನಗೂ ಮೂರನೆಯ ದಿನ ನೋವೇ ಇರಲಿಲ್ಲ. ಇಲ್ಲಿ ಆ ಹಳದಿ ಕಾಗದವಿಲ್ಲ. ಹಳದಿ, ಹಳದಿ ಎಂದುಕೊಳ್ಳುತ್ತಲೇ ಅವಳ ನೋಟ ಒಲೆಯ ಕಟ್ಟೆಗೆ ಹೋಯಿತು. ದಿನವೂ ಒಲೆ ಹೊತ್ತಿಸುವ ಮುನ್ನ ಪೂಜೆ ಮಾಡುವ ಜಾಗ. ಆರತಿಯ ತಟ್ಟೆಗೆ ಅರಿಶಿನದ ನೀರು ಹಾಕಿ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಗೆ ತಿರುಗುವುದನ್ನು ಯಾವ ಹೆಂಗಸು ಕಂಡಿಲ್ಲ?

"ಮಲ್ಲಯ್ಯ, ಪೂಜೆ ಅರಿಶಿನದ ಪೊಟ್ಟಣ ತತ್ತಾ. ನಿನ್ ಟವಲ್ಲೂ ಕೊಡು."

"ಈಗ ಪೂಜೆ ಮಾಡ್ತೀಯವ್ವಾ?"

"ತತ್ತಾ ಅಂದೆ!"

ಟವಲಿನ ಬಿಳಿ ಅಂಚಿಗೆ ಒದ್ದೆ ಅರಿಶಿನ ತಿಕ್ಕಿದಳು. ನೀರು ಬಿಡುವುದನ್ನು ನಿಲ್ಲಿಸಿ, ನಾಲ್ಕು ಉಸಿರು ಕಾದಳು. ಕಣ್ಣಿಗೆ ತಾಕಿಸಲಿಲ್ಲ, ಕಣ್ಣಂಚಿನಿಂದ ಕೆನ್ನೆಗೆ ಇಳಿದ ಹನಿಗೆ ಮಾತ್ರ ಅಂಚು ಮುಟ್ಟಿಸಿದಳು.

ಹಳದಿಯ ನಡುವೆ ಕುಂಕುಮದಂಥ ಚುಕ್ಕೆ ಮೂಡಿತು.

ಓಮ್ನಿಯ ಇಂಜಿನ್ ಇನ್ನೂ ಗುರುಗುಡುತ್ತಿತ್ತು. ಶಂಭುಲಿಂಗಪ್ಪ ಹೋಗಿ ಅದನ್ನು ಆರಿಸಿ ಬಂದ.

ಐದು ಕೊಡ ನೀರು ಹರಿದ ಮೇಲೂ ಸುಣ್ಣ ಬರುತ್ತಿದೆ ಎಂದರೆ, ಹರಳು ಎಲ್ಲೋ ಕುಳಿತು ಕರಗುತ್ತಿದೆ. ಎಲ್ಲಿ ಎಂದು ಅವಳಿಗೆ ಗೊತ್ತು: ಮೇಲು ರೆಪ್ಪೆಯ ಒಳಗೆ. ಡಾಕ್ಟರು ರೆಪ್ಪೆಯನ್ನು ಹಿಂದಕ್ಕೆ ಮಗುಚಿ ಬತ್ತಿಯಿಂದ ಬಳಿದು ತೆಗೆಯುತ್ತಿದ್ದುದನ್ನು ನೂರು ಸಲ ಕಂಡಿದ್ದಾಳೆ. ಒಂದು ಸಲವೂ ಮಾಡಿಲ್ಲ. "ನೋಡ್ಕೊಳ್ಳಿ ದೇವೀರಮ್ಮ, ಆದ್ರೆ ಕೈ ಹಾಕ್ಬೇಡಿ," ಎಂದು ಡಾಕ್ಟರೇ ನಗುತ್ತಾ ಹೇಳಿದ್ದರು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ಇಂದಿಗೂ ಸೂಜಿಗೆ ದಾರ ಪೋಣಿಸಲು ಅವಳಿಗೆ ನಾಲ್ಕು ಸಲ ಬೇಕು. ಲೋಟಕ್ಕೆ ಕಾಫಿ ಸುರಿಯುವಾಗ ಅಂಚಿಗೆ ಬೆರಳಿಟ್ಟೇ ಸುರಿಯುತ್ತಾಳೆ.

ಅವಳು ಕೈ ತೊಳೆದುಕೊಂಡಳು. ಕಿರುಬೆರಳನ್ನು ಅವನ ಕೆನ್ನೆಯ ಮೂಳೆಗೆ ಊರಿದಳು. ಕಾಫಿ ಲೋಟದ ಅಂಚಿಗೆ ಇಡುವ ಹಾಗೆ.

"ಚಿಕ್ಕಸಾಮಿ, ಪಾದ ನೋಡು. ನಿನ್ ಕಾಲ್ ಹೆಬ್ಬೆಟ್ಟು ನೋಡು. ಅಲುಗಾಡ್ಬ್ಯಾಡ. ಅಲುಗಾಡಿದ್ರೆ ನಂಗೆ ಗುರಿ ಸಿಕ್ಕಾಕಿಲ್ಲ."

"ನೋಡ್ತಾ ಇವ್ನಿ."

ರೆಪ್ಪೆಕೂದಲು ಹಿಡಿದಳು. ಬೆಂಕಿಕಡ್ಡಿಯ ಹಿಂಬದಿಯನ್ನು ರೆಪ್ಪೆಯ ಮೇಲೆ ಅಡ್ಡ ಇಟ್ಟು ಮೆಲ್ಲನೆ ಒತ್ತಿ ಮಗುಚಿದಳು. ಜಾರಿತು. ಅವನು ನರಳಿದ. ನಾಗರತ್ನ ಬೇರೆ ಕಡೆ ಮುಖ ತಿರುಗಿಸಿದಳು. ಇನ್ನೊಮ್ಮೆ. ಈ ಸಲ ಒಳರೆಪ್ಪೆ ಕೆಂಪಗೆ ಹೊರಳಿ ನಿಂತಿತು, ಅದರ ಮೇಲೆ ಅಕ್ಕಿನುಚ್ಚಿನಂಥ ಮೂರು ಬಿಳಿ ಚೂರು ಅಂಟಿಕೊಂಡಿದ್ದವು.

ಸೀರೆಯ ಸೆರಗು ಕೊಳೆ, ಅದಾಗದು. ನಾಗರತ್ನ ಬೆಲ್ಲ ಕಟ್ಟಲೆಂದು ಒಗೆದಿಟ್ಟಿದ್ದ ಬಟ್ಟೆಯನ್ನು ಹರಿದು ಬತ್ತಿಯಂತೆ ಹೊಸೆದು ನೀರಲ್ಲಿ ಅದ್ದಿ ಕೊಟ್ಟಳು. ದೇವೀರಮ್ಮನ ಕಿರುಬೆರಳು ಮೂಳೆಯಿಂದ ಏಳಲಿಲ್ಲ. ಒಂದು ಬಂತು. ಎರಡು ಬಂತು. ಮೂರನೆಯದು ಕದಲಲಿಲ್ಲ. ಅವಳ ಉಸಿರು ಅವನ ಹಣೆಗೆ ತಾಕುತ್ತಿತ್ತು. ಹನಿ ನೀರು ಬಿಟ್ಟು ಕಾದಳು, ಮತ್ತೆ ಬಳಿದಳು. ಬಂತು.

ಮತ್ತೆ ಮೂರು ಕೊಡ. ಮತ್ತೆ ಟವಲಿನ ಅಂಚು. ಎಲ್ಲರೂ ಬಗ್ಗಿ ನೋಡಿದರು, ಶಂಭುಲಿಂಗಪ್ಪನೂ.

ಹನಿ ಅರಿಶಿನದ ಮೇಲೆ ಬಿತ್ತು, ಹರಡಿತು. ಹಳದಿ ಹಳದಿಯಾಗಿಯೇ ಇತ್ತು.

"ಈಗ ಗಾಡಿ ಎತ್ತಿ," ಎಂದಳು ದೇವೀರಮ್ಮ. ಮಲ್ಲಯ್ಯ ಚಿಕ್ಕಸ್ವಾಮಿಯ ರಟ್ಟೆ ಹಿಡಿದೆತ್ತಿದ. ಕೊಪ್ಪರಿಗೆಯ ಕೆಳಗಿನ ಒಲೆ ಅಷ್ಟರಲ್ಲಿ ಆರಿಹೋಗಿತ್ತು. ಅದನ್ನು ಯಾರೂ ನೋಡಲಿಲ್ಲ.

ದಾರಿಯುದ್ದಕ್ಕೂ ದೇವೀರಮ್ಮ ರೆಪ್ಪೆ ಬಿಡಿಸಿ ಹಿಡಿದಿದ್ದಳು, ನಾಗರತ್ನ ಬಾಟಲಿಯಿಂದ ನೀರು ಬಿಡುತ್ತಲೇ ಇದ್ದಳು. ನರಸೀಪುರದ ಆಸ್ಪತ್ರೆಯಲ್ಲಿ ಸಲೈನ್ ಹಾಕಿ ಇನ್ನೊಮ್ಮೆ ತೊಳೆದು, ಕಣ್ಣಿನವರಿಗೆ ಇಂದೇ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಓಮ್ನಿ ನಂಜನಗೂಡಿನ ಕಡೆ ತಿರುಗಿತು.

ಶ್ರೀವಾಣಿಯವರ ಕೂದಲು ನರೆತಿತ್ತು. ಕಿತ್ತಳೆ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ದೇವೀರಮ್ಮ ಬಾಗಿಲ ಬಳಿ ನಿಂತಿದ್ದಳು, ಪೊರಕೆ ಇಡುತ್ತಿದ್ದ ಅದೇ ಮೂಲೆಯಲ್ಲಿ.

"ಕರಿಗುಡ್ಡೆ ಸುತ್ತ ಕೆಂಪು ಐತಾ ಮೇಡಮ್ಮೋರೆ, ಬಿಳುಪು ಐತಾ?" ಎಂದು ಕೊನೆಗೆ ಕೇಳಿಯೇಬಿಟ್ಟಳು. ಕೆಂಪಿದ್ದರೆ ರಕ್ತ ಆಡುತ್ತಿದೆ. ಬಿಳಿಚಿಕೊಂಡಿದ್ದರೆ ಅಷ್ಟು ಜಾಗ ಸತ್ತಿದೆ.

ಡಾಕ್ಟರು ತಿರುಗದೆ ಹೇಳಿದರು. "ಮುಕ್ಕಾಲು ಸುತ್ತು ಕೆಂಪು. ಕೆಳಗೆ ಕಾಲು ಭಾಗ ಬಿಳುಪು. ಈ ಕಣ್ಣು ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಹೋಗಲ್ಲ." ಆಮೇಲೆ ಕುರ್ಚಿ ತಿರುಗಿಸಿದರು. "ರೆಪ್ಪೆ ಒಳಗೂ ಸುಣ್ಣ ಉಳಿದಿಲ್ಲ. ರೆಪ್ಪೆ ಯಾರು ಮಗುಚಿದ್ದು?"

ದೇವೀರಮ್ಮ ನೆಲ ನೋಡಿದಳು. "ಕೈ ಹಾಕ್ಬ್ಯಾಡ ಅಂದಿದ್ರಿ."

"ಅಂದಿದ್ದೆ," ಎಂದರು ಶ್ರೀವಾಣಿ. ಅವಳನ್ನು ಕುರ್ಚಿಗೆ ಕರೆದು, ಕೂರಿಸಿ, ಟೀ ತರಿಸಿದರು.

ಹನಿ, ಮಾತ್ರೆ, ಮುಲಾಮು, ಎರಡು ದಿನಕ್ಕೊಮ್ಮೆ ನಂಜನಗೂಡಿನ ಬಸ್ಸು. ಏಳು ವಾರ ಕಳೆದು ಚಿಕ್ಕಸ್ವಾಮಿ ಆಲೆಮನೆಗೆ ಬಂದ. ಬಲಗಣ್ಣಿನ ಕರಿಗುಡ್ಡೆಯ ಕೆಳಂಚಿನಲ್ಲಿ ಒಂದು ಎಳೆ ಮಬ್ಬು ಉಳಿದಿತ್ತು, ಚಳಿಗಾಲದ ಹೊಳೆಯ ಮೇಲಿನ ಮಂಜಿನ ಹಾಗೆ. ಸುಣ್ಣದ ಬಕೆಟ್ಟು ಈಗ ಮುಚ್ಚಳ ಹಾಕಿಕೊಂಡು ದೂರ ಕುಳಿತಿತ್ತು. ಅದರ ಪಕ್ಕ ಎರಡು ಕೊಡ ನೀರು. ಮಲ್ಲಯ್ಯ ಕಾಲು ತೊಳೆಯಲು ಒಂದು ಕೊಡಕ್ಕೆ ಕೈ ಹಾಕಿದರೆ ನಾಗರತ್ನ, "ಮುಟ್ಟಿದ್ರೆ ಸುಮ್ಕಿರಾಕಿಲ್ಲ," ಎಂದು ಗದರಿದಳು.

ಮಧ್ಯಾಹ್ನದ ಕೊಪ್ಪರಿಗೆ ಪಾಕಕ್ಕೆ ಬಂತು. ದೇವೀರಮ್ಮ ಎಂದಿನಂತೆ ಹೊರೆ ಇಳಿಸಿ ಸರಿದು ಹೋಗುತ್ತಿದ್ದಳು.

"ದೇವೀರಕ್ಕ."

ಅವಳು ನಿಂತಳು. ಚಿಕ್ಕಸ್ವಾಮಿ ಅವಳ ಕಡೆ ನೋಡಲಿಲ್ಲ, ಸೌಟಿನಿಂದ ಇಳಿಯುತ್ತಿದ್ದ ಎಳೆಯನ್ನೇ ನೋಡುತ್ತಿದ್ದ.

"ಯಾಕೋ ಹೊಗೆ ಜಾಸ್ತಿ ಅದೆ ಇವತ್ತು. ಒಸಿ ಬಂದು ನೋಡು, ಎಳೆ ತುಂಡಾಯ್ತದಾ ಅಂತ."

ಹೊಗೆ ಇರಲಿಲ್ಲ. ಗಾಳಿ ಹೊಳೆಯ ಕಡೆ ಬೀಸುತ್ತಿತ್ತು. ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೊಪ್ಪರಿಗೆಯ ಪಕ್ಕ ನಿಂತು, ಬಗ್ಗಿ, ಆ ಹೊಂಬಣ್ಣದ ಎಳೆಯನ್ನು ನೋಡಿದಳು.

"ಇನ್ನೊಂದ್ ಗಳಿಗೆ," ಎಂದಳು.